ಹಾಲಕ್ಕಿ ತಲೆ ಆಡಿಸಿತು

ಹಕ್ಕಿ ನೋಡುವುದರಿಂದ ಯಾರಿಗೂ ಯಾವ ತೊಂದರೆಯೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಅಡುಗೆ ಮಾಡಿದರೆ ಉಪ್ಪು ಹೆಚ್ಚಾಗಬಹುದು, ಹಾಡು ಹೇಳಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳಬಹುದು. ಹಕ್ಕಿ ನೋಡಿದರೆ ಏನಾದೀತು? ಹೆಚ್ಚೆಂದರೆ ಕತ್ತು ಉಳುಕೀತು. ಹೀಗೆಂದುಕೊಂಡೇ ನಾನು ಜನಕಪುರಿಯ ನಮ್ಮ ಕಾಲೊನಿಯ ತೋಟದಲ್ಲಿ ತಲೆ ಮೇಲೆತ್ತಿದೆ. ಅದೇ ಚಳಿಗಾಲದಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹೊದ್ದುಕೊಂಡು ನಡುಗುವ ಸ್ಥಿತಿಗೆ ಬಂದೆ. ಎರಡಕ್ಕೂ ನೇರ ಸಂಬಂಧವಿದೆ.

ತೋಟವೇನು ದೊಡ್ಡದಲ್ಲ. ಪಾರ್ಕಿನ ಹಿಂದೆ ಪಾಳು ಬಿದ್ದಿದ್ದ ಜಾಗವನ್ನು ಕಾಲೊನಿಯವರೆಲ್ಲ ಸೇರಿ ಅಗೆದು, ಮನೆಗೊಂದು ಪಾತಿ ಎಂದು ಹಂಚಿಕೊಂಡಿದ್ದೆವು. ನೆರೆಮನೆಯ ಬತ್ರಾ ಆಂಟಿಯ ಪಾತಿಯಲ್ಲಿ ಮೂಲಂಗಿ. ಕಾಲೊನಿಯ ಕಾರ್ಯದರ್ಶಿ ಗುಪ್ತಾಜಿಯ ಪಾತಿಯಲ್ಲಿ ಪಾಲಕ್. ನನ್ನ ಪಾತಿಯಲ್ಲಿ ಊರಿನಿಂದ ಬೀಜ ತಂದು ಹಾಕಿದ ದಂಟಿನ ಸೊಪ್ಪು. ಎಲ್ಲರ ಪಾತಿಗೂ ನೆರಳು ಕೊಡುವ ಹಾಗೆ ನಡುವೆ ಒಂದು ಹಳೆಯ ಬೇವಿನ ಮರ, ಅದರ ಕಾಂಡದಲ್ಲಿ ಒಂದು ಪೊಟರೆ. ಗಿಳಿ, ಗೊರವಂಕ, ಪಾರಿವಾಳ ಬರುತ್ತಿದ್ದವು, ನಾವು ಹಾಕಿದ್ದನ್ನು ತಿನ್ನುತ್ತಿದ್ದವು, ಹೋಗುತ್ತಿದ್ದವು.

ಅಕ್ಟೋಬರಿನ ಒಂದು ಸಂಜೆ ಸೊಪ್ಪು ಬಿಡಿಸುತ್ತಿದ್ದೆ. ತಲೆಯ ಮೇಲೆ ಚಿರ್ರ್ ಚಿರ್ರ್ ಚಿವಕ್ ಚಿವಕ್ ಎಂದು ಸದ್ದಾಯಿತು. ಕೈಯಲ್ಲಿದ್ದ ಸೊಪ್ಪು ಹಾಗೆಯೇ ಕೆಳಗೆ ಬಿತ್ತು. ಪೊಟರೆಯ ಬಾಯಲ್ಲಿ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ, ಮೈತುಂಬ ಬಿಳಿ ಚುಕ್ಕೆಯ ಪುಟ್ಟ ಗೂಬೆ ಕೂತು ಹಳದಿ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಹಾಲಕ್ಕಿ! ದೆಹಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅಲ್ಲಿಯವರೆಗೆ ಆ ಸದ್ದು ಕಿವಿಗೆ ಬಿದ್ದಿರಲೇ ಇಲ್ಲ. ಬಿದ್ದಿತ್ತೋ ಏನೋ, ಕುಕ್ಕರಿನ ಸೀಟಿಯಲ್ಲಿ ಕೇಳಿಸಿರಲಿಲ್ಲ.

ಅರಸೀಕೆರೆಯಲ್ಲಿ ನಾವು ಚಿಕ್ಕವರಿದ್ದಾಗ ಬೆಳಗಿನ ಜಾವ ಇದೇ ಸದ್ದು ಬರುತ್ತಿತ್ತು. ಹಿಂದೆಯೇ ಬುಡುಬುಡಿಕೆಯವನು ಬರುತ್ತಿದ್ದ. ಕರೀ ಕೋಟು, ದೊಡ್ಡ ಪೇಟ. ಹಾಲಕ್ಕಿ ಹೀಗೆ ನುಡಿದಿದೆ, ಈ ಮನೆಗೆ ಶುಭವಾಗುತ್ತದೆ ಎಂದು ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳುತ್ತಿದ್ದ. ನಾನು ಮತ್ತು ತಂಗಿ ಶಾರದೆ ಒಂದೇ ಕಂಬಳಿಯೊಳಗೆ ಕೈ ಕೈ ಹಿಡಿದುಕೊಂಡು, ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಆ ಸಂಜೆ ಬೇವಿನ ಮರದ ಕೆಳಗೆ ನಿಂತಾಗ ನನಗೆ ಶಾರದೆಯ ತಣ್ಣನೆಯ ಬೆರಳುಗಳೇ ನೆನಪಾದವು. ನಾನು ಅಲ್ಲಿಯೇ ಕೂತು ಅತ್ತುಬಿಟ್ಟೆ. ಮೂಲಂಗಿಗೆ ನೀರು ಹಾಕುತ್ತಿದ್ದ ಬತ್ರಾ ಆಂಟಿ, ಚೇಳು ಕಚ್ಚಿತೇ ಎಂದು ಓಡಿ ಬಂದರು.

ಅಂದಿನಿಂದ ಬೆಳಿಗ್ಗೆ, ಸಂಜೆ ತೋಟದಲ್ಲೇ ನನ್ನ ಠಿಕಾಣಿ. ಯಾತ್ರೆಗೆಂದು ಕೊಂಡಿದ್ದ ದುರ್ಬೀನನ್ನು ಕುತ್ತಿಗೆಗೆ ನೇತುಹಾಕಿಕೊಂಡೆ. ನಮ್ಮವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ಕಡತಗಳ ನಡುವೆ ಬದುಕಿ ಮನೆಯಲ್ಲೂ ಕಡತದ ಹಾಗೆಯೇ ಮಾತಾಡುತ್ತಾರೆ. ಉಪ್ಪಿಟ್ಟು ಹಾಕಲೇ ಎಂದರೆ “ಪರಿಶೀಲಿಸಬಹುದು” ಎನ್ನುವವರು.

“ಸೊಪ್ಪು ತರೋದಕ್ಕೆ ಒಂದೂವರೆ ಗಂಟೆ ಯಾಕೆ ಬೇಕಾಯಿತು ಅನ್ನೋದಕ್ಕೆ ಸಮಜಾಯಿಷಿ ಕೊಡಬೇಕು” ಎಂದರು.

“ಹಾಲಕ್ಕಿ ನೋಡ್ತಿದ್ದೆ.”

“ಗೂಬೆ ನೋಡೋದಕ್ಕೆ ತೋಟಕ್ಕೆ ಯಾಕೆ ಹೋಗಬೇಕು? ನನ್ನ ಆಫೀಸಿಗೆ ಬಾ.”

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಒಂದು ಭಾನುವಾರ ಹೋಗಿ ನೋಡುತ್ತೇನೆ, ಗುಪ್ತಾಜಿ ಮರದ ಕೆಳಗೆ ಒಂದು ಬಾಂಡಲಿ ಸಿಮೆಂಟು ಕಲಸಿಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ಬತ್ರಾ ಆಂಟಿ. ನಾನು ಅತ್ತದ್ದಕ್ಕೆ ಕಾರಣ ಚೇಳಲ್ಲ, ಗೂಬೆ ಎಂದು ಅವರು ಕಾಲೊನಿಗೆಲ್ಲ ತಿಳಿಸಿದ್ದರು.

“ಉಲ್ಲೂ ಕೂಗಿದ ಮನೆ ಹಾಳಾಗುತ್ತೆ ಬೇಟಾ” ಎಂದರು ಆಂಟಿ. “ನೋಯ್ಡಾದಲ್ಲಿ ನನ್ನ ಮಗ ದುಡ್ಡು ಕಟ್ಟಿದ ಫ್ಲ್ಯಾಟಿನ ಕೆಲಸ ಎಷ್ಟು ವರ್ಷದಿಂದ ನಿಂತುಹೋಗಿದೆ ಗೊತ್ತಲ್ಲ. ಕಾರಣ ಈಗ ತಿಳೀತು.”

“ಪೊಟರೆ ಮುಚ್ಚಿದರೆ ಅದೇ ಬೇರೆ ಕಡೆ ಹೋಗುತ್ತೆ. ಚಲೋ, ಕೆಲಸ ಮುಗಿಸೋಣ” ಎಂದರು ಗುಪ್ತಾಜಿ.

ಇಡೀ ದೆಹಲಿಯಲ್ಲಿ ನನಗೆ ಅರ್ಥವಾಗುವ ಒಂದೇ ಒಂದು ಸದ್ದನ್ನು ಸಿಮೆಂಟು ಹಾಕಿ ಮುಚ್ಚುತ್ತಾರಲ್ಲ ಎನಿಸಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಮುಟ್ಟಬೇಡಿ ಭಾಯಿಸಾಬ್. ಇದು ಸಾಧಾರಣ ಉಲ್ಲೂ ಅಲ್ಲ. ಇದಕ್ಕೆ ನಮ್ಮ ಕರ್ನಾಟಕದಲ್ಲಿ ಹಾಲಕ್ಕಿ ಅಂತಾರೆ. ಇದು ಭವಿಷ್ಯ ಹೇಳುತ್ತೆ. ಇದರ ಮಾತು ಕೇಳಿ ಬಂದು ಮನೆ ಮನೆಗೆ ತಿಳಿಸೋರೇ ಇದ್ದಾರೆ ನಮ್ಮಲ್ಲಿ.”

ಗುಪ್ತಾಜಿಯ ಕೈಯಲ್ಲಿದ್ದ ಕರಣೆ ನಿಂತಿತು. ಬತ್ರಾ ಆಂಟಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಅಚ್ಛಾ, ನಿನಗೆ ಅದರ ಮಾತು ಅರ್ಥವಾಗುತ್ತಾ?” ಎಂದರು.

ಇಲ್ಲ ಎನ್ನಬೇಕಿತ್ತು. “ಸ್ವಲ್ಪ ಸ್ವಲ್ಪ” ಎಂದೆ.

ಆಂಟಿ ಆಗಲೇ ಸೆರಗು ಸರಿಮಾಡಿಕೊಂಡು ಮರದ ಕಡೆ ತಿರುಗಿ, ಫ್ಲ್ಯಾಟಿನ ಕೀಲಿ ಸಿಗುತ್ತದೆಯೇ ಎಂದು ಕೇಳಿಯೇ ಬಿಟ್ಟರು. ಹಾಲಕ್ಕಿ ಅವರನ್ನು ದಿಟ್ಟಿಸಿತು. ಆಮೇಲೆ ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿತು. ಹೌದು ಎಂದಿತು ಎಂದೆ. ಬೇರೆ ಏನನ್ನು ತಾನೇ ಹೇಳಲಿ? ನೋಡಿದವರಿಗೆಲ್ಲ ಹಾಗೆಯೇ ಕಾಣಿಸುತ್ತಿತ್ತು. ಗುಪ್ತಾಜಿ ಸಿಮೆಂಟು ಒಣಗಿ ಹೋಗುತ್ತದೆಂದು ಅದನ್ನು ಪಾರ್ಕಿನ ಗೇಟಿನ ಬಿರುಕಿಗೆ ಮೆತ್ತಿದರು.

ನೋಯ್ಡಾದಲ್ಲಿ ನಿಂತುಹೋದ ಫ್ಲ್ಯಾಟಿನ ಕೀಲಿ ಸಿಗುವುದು ಎಂದರೆ ಸಾಮಾನ್ಯವಲ್ಲ. ದೀಪಾವಳಿಯ ಹಿಂದಿನ ದಿನ ಸಿಕ್ಕಿಬಿಟ್ಟಿತು! ಬತ್ರಾ ಆಂಟಿ ಲಡ್ಡು ಹಿಡಿದುಕೊಂಡು ಬಂದರು. ನನಗೆ ಒಂದು ಡಬ್ಬಿ, ಹಾಲಕ್ಕಿಗೆ ಒಂದು ಡಬ್ಬಿ. ಎರಡನ್ನೂ ನಾವೇ ತಿಂದೆವು.

ಮಾರನೆಯ ದಿನದಿಂದ ನನ್ನ ಪಾತಿಯ ಮುಂದೆ ಜನ. ಮಗಳಿಗೆ ಗಂಡು ಸಿಗುತ್ತದೆಯೇ, ಮೆಟ್ರೋದಲ್ಲಿ ಕಳೆದ ಫೋನು ಸಿಗುತ್ತದೆಯೇ, ಟ್ಯಾಂಕರ್ ನೀರು ಬರುತ್ತದೆಯೇ. ಹಾಲಕ್ಕಿ ಯಾರನ್ನೂ ನಿರಾಸೆಗೊಳಿಸಲಿಲ್ಲ. ಎಲ್ಲರಿಗೂ ತಲೆ ಆಡಿಸಿತು. ಕಾರ್ಯದರ್ಶಿ ಚುನಾವಣೆಯಲ್ಲಿ ಗೆಲ್ಲುತ್ತೇನೆಯೇ ಎಂದು ಬೆಳಿಗ್ಗೆ ಗುಪ್ತಾಜಿ ಕೇಳಿಕೊಂಡು ಹೋದರು. ಅದೇ ಪ್ರಶ್ನೆಯನ್ನು ಸಂಜೆ ಅವರ ಎದುರಾಳಿ ಕೇಳಿಕೊಂಡು ಹೋದರು. ಇಬ್ಬರಿಗೂ ಹೌದು. ನನಗೆ ಊಟ ಸೇರಲಿಲ್ಲ. ಮತ ಎಣಿಸಿದರೆ ಇಬ್ಬರಿಗೂ ಸಮ ಬಂದು, ಆರು ತಿಂಗಳು ಅವರು, ಆರು ತಿಂಗಳು ಇವರು ಎಂದು ತೀರ್ಮಾನವಾಯಿತು. ಅಲ್ಲಿಗೆ ನನ್ನ ಖ್ಯಾತಿ ಪಕ್ಕದ ಬ್ಲಾಕಿಗೂ ಹಬ್ಬಿತು.

ಹಾಲಕ್ಕಿ ಎಂದರೆ ಹಾಲಿನ ಹಕ್ಕಿ ಎಂದು ಹೇಳಿದ್ದೂ ನನ್ನದೇ ಬುದ್ಧಿವಂತಿಕೆ. ಮರದ ಬುಡದಲ್ಲಿ ಹಾಲಿನ ಬಟ್ಟಲುಗಳು ಬಂದವು. ಹಾಲಿನ ಹಿಂದೆ ಕಾಲೊನಿಯ ಬೆಕ್ಕುಗಳೆಲ್ಲ ಬಂದವು. ಹಾಲು ಮುಗಿದ ಮೇಲೆ ಅವು ತಲೆಯೆತ್ತಿ ಪೊಟರೆಯನ್ನು ನೋಡತೊಡಗಿದವು. ಹಕ್ಕಿಯನ್ನು ಉಳಿಸಲು ಹೋಗಿ ನಾನೇ ಅದಕ್ಕೆ ಕುತ್ತು ತಂದಿದ್ದೆ. ಬೆಳಿಗ್ಗೆ ಕೋಲು ಹಿಡಿದು ಬೆಕ್ಕು ಕಾಯುವುದು ನನ್ನ ಹೊಸ ಉದ್ಯೋಗವಾಯಿತು. ಕಡೆಗೆ, ಹಾಲನ್ನು ಹಕ್ಕಿಗೆ ತೋರಿಸಿ ತಾವೇ ಕುಡಿದರೆ ಫಲ ಹೆಚ್ಚು ಎಂದು ಹೊಸ ಶಾಸ್ತ್ರ ಹುಟ್ಟಿಸಿ ಪಾರಾದೆ.

“ಹೀಗೇ ಮುಂದುವರಿದರೆ ಒಂದು ದಿನ ಅಲ್ಲಿ ಗುಡಿ ಕಟ್ಟುತ್ತಾರೆ” ಎಂದರು ನಮ್ಮವರು. “ನಾನು ಸರ್ಕಾರಿ ನೌಕರ. ಗೂಬೆಯ ಪೂಜಾರಿಣಿಯ ಗಂಡ ಅಂತ ನನ್ನ ಸೇವಾ ಪುಸ್ತಕದಲ್ಲಿ ನಮೂದಾಗೋದು ನನಗೆ ಇಷ್ಟವಿಲ್ಲ.”

ನಕ್ಕುಬಿಟ್ಟೆ. ಅಲ್ಲಿಯವರೆಗೆ ನನಗೆ ಇದೆಲ್ಲ ತಮಾಷೆಯೇ ಆಗಿತ್ತು. ಅಷ್ಟರಲ್ಲಿ ಶಾರದೆಯ ಫೋನು ಬಂತು.

ಶಾರದೆ ಇರುವುದು ಮೈಸೂರಿನಲ್ಲಿ. ಕೆಳಗೆ ಅವರ ಸಂಸಾರ, ಮೇಲೆ ಒಂದು ಬಾಡಿಗೆ ಮನೆ. ನಮ್ಮವರು ಮೈಸೂರಿಗೆ ವರ್ಗ ಕೇಳಿ ವರ್ಷ ವರ್ಷ ಅರ್ಜಿ ಹಾಕುತ್ತಿದ್ದರು, ಅದು ವರ್ಷ ವರ್ಷ ಪರಿಶೀಲನೆಯಲ್ಲಿ ಇರುತ್ತಿತ್ತು. ಈ ಸಲ ಆದರೆ ಆಯಿತು. ಆಗದಿದ್ದರೆ ಇನ್ನು ನಿವೃತ್ತಿಯವರೆಗೂ ಈ ಕಡೆಯೇ ಎಂದು ಸಾಹೇಬರು ಹೇಳಿದ್ದರಂತೆ.

“ಅಕ್ಕಾ, ಮೇಲಿನ ಮನೆ ಖಾಲಿ ಆಯ್ತು ಕಣೆ” ಎಂದಳು ಶಾರದೆ. “ಹೊಸದಾಗಿ ಮದುವೆ ಆದೋರು, ಬ್ಯಾಂಕಿನಲ್ಲಿದ್ದಾರೆ, ಬಂದು ಕೇಳಿ ಹೋದ್ರು. ಕೊಟ್ಟುಬಿಡಲಾ, ನಿನಗೆ ಇಡಲಾ?”

“ಆರ್ಡರ್ ಇನ್ನೂ ಬಂದಿಲ್ಲವಲ್ಲೇ.”

“ಬಂದೇ ಬರುತ್ತೆ ಅಂದುಕೋ. ಮದುವೆ ಆದಮೇಲೆ ನಾವಿಬ್ಬರೂ ಒಂದು ಊರಲ್ಲಿ ಇದ್ದೇ ಇಲ್ಲ. ಮೇಲಿಂದ ನೀನು ಕೂಗಬೇಕು, ಕೆಳಗಿಂದ ನಾನು ಓ ಅನ್ನಬೇಕು. ಅಷ್ಟೇ ನನಗೆ ಆಸೆ.”

ಫೋನಿಟ್ಟ ಮೇಲೆ ನನಗೆ ಕೆಲಸವೇ ಓಡಲಿಲ್ಲ. ಅಕ್ಕ ತಂಗಿ ಎಂದರೆ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಸೇರಿ, ಮೊದಲ ದಿನ ಊಟ ಬಡಿಸಿ, ಕೊನೆಯ ದಿನ ಚಟ್ನಿಪುಡಿ ಕಟ್ಟಿಕೊಡುವುದಷ್ಟೇ ಆಗಿಹೋಗಿತ್ತು. ಸುಮ್ಮನೆ ಮೆಟ್ಟಿಲ ಮೇಲೆ ಕೂತು ಹುರಳಿಕಾಯಿ ಬಿಡಿಸುತ್ತಾ ಏನೂ ಮುಖ್ಯವಲ್ಲದ್ದನ್ನು ಮಾತಾಡಬೇಕೆಂದು ನನ್ನ ಜೀವ ಎಷ್ಟು ತವಕಿಸುತ್ತಿತ್ತೆಂಬುದು ನನಗೇ ಅಂದು ತಿಳಿಯಿತು.

ಮಾರನೆಯ ಬೆಳಿಗ್ಗೆ ನಾನು ಕೋಲನ್ನು ಬದಿಗಿಟ್ಟು, ಸೆರಗು ಹೊದ್ದು, ಮರದ ಕೆಳಗೆ ಒಬ್ಬಳೇ ನಿಂತೆ. ನವೆಂಬರಿನ ಹೊಗೆಯಲ್ಲಿ ಎದುರಿನ ಪಾತಿಯೇ ಕಾಣುತ್ತಿರಲಿಲ್ಲ. ಶಾಸ್ತ್ರ ಹುಟ್ಟಿಸಿದವಳು ನಾನೇ ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಕೇಳಿದೆ, ಕನ್ನಡದಲ್ಲೇ. “ನಮ್ಮೂರ ಕಡೆ ಹೋಗ್ತೀವಾ? ಶಾರದೆ ಹತ್ತಿರ ಇರ್ತೀನಾ?”

ಹಾಲಕ್ಕಿ ನನ್ನನ್ನು ನೋಡಿತು. ತಲೆ ಆಡಿಸಿತು. ಮತ್ತೆ ಆಡಿಸಿತು. ಆಮೇಲೆ ರೆಕ್ಕೆ ಬಿಚ್ಚಿ ನನ್ನ ತಲೆಯ ಮೇಲಿಂದ ದಕ್ಷಿಣ ದಿಕ್ಕಿಗೆ ಹಾರಿತು. ಎಂ.ಎ. ಓದಿದ ನಾನು ಮನೆಗೆ ಓಡಿ ಬಂದು ಶಾರದೆಗೆ ಫೋನು ಮಾಡಿದೆ. “ಮನೆ ಇಡು. ಬರ್ತಿದ್ದೀವಿ.”

ಅವಳು ಏನೂ ಕೇಳಲಿಲ್ಲ. ಬ್ಯಾಂಕಿನವರಿಗೆ ಇಲ್ಲ ಎಂದಳು, ಗೋಡೆಗೆ ಬಣ್ಣ ಹೊಡೆಸಿದಳು, ಅಡುಗೆಮನೆಯ ಶೆಲ್ಫಿನ ಫೋಟೋ ಕಳಿಸಿದಳು.

ಇತ್ತ ನಾನು ಮನೆ ಖಾಲಿ ಮಾಡತೊಡಗಿದೆ. ಮೈಸೂರಿನಲ್ಲಿ ಹತ್ತಿ ತುಂಬಿದ ದಪ್ಪ ರಜಾಯಿ ಯಾರಿಗೆ ಬೇಕು? ಬತ್ರಾ ಆಂಟಿಗೆ ಕೊಟ್ಟೆ. ಹೀಟರ್ ಯಾರಿಗೆ ಬೇಕು? ಗುಪ್ತಾಜಿಗೆ ಕೊಟ್ಟೆ. ಬೇಸಿಗೆಯ ಕೂಲರ್ ಅಂತೂ ಮೈಸೂರಿನಲ್ಲಿ ಇಟ್ಟುಕೊಂಡರೆ ನಗುತ್ತಾರೆ. ಅದು ಗುಪ್ತಾಜಿಯ ಎದುರಾಳಿಗೆ ಹೋಯಿತು, ಸಮ ಸಮ ಇರಲಿ ಎಂದು. ನಮ್ಮವರು ಆಫೀಸಿನಿಂದ ಬಂದು ನೋಡಿದಾಗ ಹೀಟರ್ ಇಡುತ್ತಿದ್ದ ಬೀರುವಿನ ಮೇಲೆ ಧೂಳಿನ ಚೌಕವೊಂದೇ ಉಳಿದಿತ್ತು.

“ಆದೇಶ ಹೊರಡಿಸಿದ ಪ್ರಾಧಿಕಾರ ಯಾವುದು?” ಎಂದರು.

“ಹಾಲಕ್ಕಿ.”

ಅವರು ಬೂಟು ಬಿಚ್ಚಿ ಒಳಗೆ ಹೋದರು. ರಾತ್ರಿ ಊಟ ಮಾಡುವಾಗ, “ಮೈಸೂರಲ್ಲಿ ಬೆಳಿಗ್ಗೆ ವಾಕಿಂಗ್ ಹೋಗೋದಕ್ಕೆ ಕುಕ್ಕರಹಳ್ಳಿ ಕೆರೆ ಹತ್ತಿರ ಆಗುತ್ತಾ?” ಎಂದು ಮೆಲ್ಲಗೆ ಕೇಳಿದರು. ಆ ಮನುಷ್ಯನಿಗೂ ಆಸೆ ಹತ್ತಿತ್ತು. ಅದನ್ನು ಕಂಡ ಮೇಲೆ ನನಗೆ ಇನ್ನೂ ಧೈರ್ಯ ಬಂತು.

ಕಾಲೊನಿಯವರು ತೋಟದಲ್ಲೇ ಬೀಳ್ಕೊಡುಗೆ ಇಟ್ಟುಕೊಂಡರು. ಸಮೋಸ, ಚಹಾ, ಹೆಗಲಿಗೆ ಶಾಲು. ಗುಪ್ತಾಜಿ ಭಾಷಣ ಮಾಡಿದರು. ದಂಟಿನ ಸೊಪ್ಪಿನ ಪಾತಿಯನ್ನು ನನ್ನ ಹೆಸರಿನಲ್ಲೇ ಉಳಿಸಿಕೊಳ್ಳುತ್ತೇವೆ ಎಂದರು. ಬತ್ರಾ ಆಂಟಿ ನನ್ನನ್ನು ತಬ್ಬಿಕೊಂಡು ಅತ್ತರು. ಕೈಯಲ್ಲಿ ಆದೇಶವಿಲ್ಲದೆ ಬೀಳ್ಕೊಡುಗೆ ಪಡೆದ ಸರ್ಕಾರಿ ಕುಟುಂಬ ನಮ್ಮದೊಂದೇ ಇರಬೇಕು.

ಆದೇಶ ಡಿಸೆಂಬರಿನಲ್ಲಿ ಬಂತು. ನಮ್ಮವರು ಬ್ಯಾಗು ಇಳಿಸಿ, ನೀರು ಕುಡಿದು, ಸೋಫಾದಲ್ಲಿ ಕೂತರು.

“ವರ್ಗ ಆಯ್ತು” ಎಂದರು.

“ಹೇಳಿರಲಿಲ್ಲವಾ ನಾನು?”

“ಫರೀದಾಬಾದಿಗೆ.”

ಅದು ಯಾವ ಜಿಲ್ಲೆಯ ತಾಲೂಕು ಎಂದು ನನ್ನ ಮನಸ್ಸು ಒಂದು ಕ್ಷಣ ಹಾಸನದ ಸುತ್ತೆಲ್ಲ ಹುಡುಕಿತು. ಆಮೇಲೆ ಅರ್ಥವಾಯಿತು. ಫ್ಯಾಕ್ಟರಿಗಳ ಫರೀದಾಬಾದು. ದೆಹಲಿ ದಾಟಿದರೆ ಸಿಗುವ ಫರೀದಾಬಾದು. ಅಲ್ಲಿನ ಹೊಸ ಶಾಖೆಗೆ ಒಬ್ಬ ಅಧಿಕಾರಿ ಬೇಕಿತ್ತಂತೆ, ಕ್ವಾರ್ಟರ್ಸ್ ಕೊಡುತ್ತಾರಂತೆ, ಕೂಡಲೇ ಹೊರಡಬೇಕಂತೆ. ನಮ್ಮವರು, “ದಕ್ಷಿಣಕ್ಕೇ ಹೋಗ್ತಿದ್ದೀವಿ. ತಾಂತ್ರಿಕವಾಗಿ ನಿನ್ನ ಹಕ್ಕಿ ಹೇಳಿದ್ದು ಸರಿ” ಎಂದರು. ನಗಿಸಲು ಹೇಳಿದ್ದರು. ಇಬ್ಬರಿಗೂ ನಗು ಬರಲಿಲ್ಲ.

ಬತ್ರಾ ಆಂಟಿಗೆ ಮಾತ್ರ ಸಂತೋಷವೋ ಸಂತೋಷ. “ದೇಖೋ, ಊರು ಬಿಟ್ಟು ಹೋಗ್ತೀರಿ ಅಂದಿತ್ತು, ಹೋಗ್ತಿದ್ದೀರಿ. ದಕ್ಷಿಣ ಅಂದಿತ್ತು, ಫರೀದಾಬಾದ್ ದಕ್ಷಿಣ. ಈ ಹಕ್ಕಿ ಸುಳ್ಳು ಹೇಳೋದೇ ಇಲ್ಲ.” ಇಡೀ ಕಾಲೊನಿಯಲ್ಲಿ ಹಾಲಕ್ಕಿಯ ಮಾತು ಸುಳ್ಳಾದದ್ದು ನನಗೊಬ್ಬಳಿಗೇ!

ನಾನು ಹಲ್ಲು ಕಚ್ಚಿಕೊಂಡು ವಿಷಯಕ್ಕೆ ಬಂದೆ. “ಆಂಟಿ, ಆ ರಜಾಯಿ...”

“ಬಹಳ ಬೆಚ್ಚಗಿದೆ ಬೇಟಾ. ಲುಧಿಯಾನದ ಬೀಗರಿಗೆ ಕಳಿಸಿಬಿಟ್ಟೆ. ನಿನ್ನನ್ನು ಹರಸುತ್ತಿದ್ದಾರೆ.”

ಹೀಟರ್ ಕೇಳಲು ಗುಪ್ತಾಜಿಯ ಮನೆಗೆ ಹೋದೆ. ಅವರ ವಯಸ್ಸಾದ ತಾಯಿ ಅದರ ಮುಂದೆ ಕಾಲು ಚಾಚಿ ಕೂತಿದ್ದರು. ಚಹಾ ಕುಡಿದು ವಾಪಸು ಬಂದೆ.

ಫರೀದಾಬಾದಿನ ಕ್ವಾರ್ಟರ್ಸಿನಲ್ಲಿ ಮೊದಲ ರಾತ್ರಿ ಹೇಗೆ ಕಳೆಯಿತೆಂದು ವಿವರಿಸುವುದಿಲ್ಲ. ರೇಷ್ಮೆ ಸೀರೆಗಿಂತ ಹತ್ತಿ ಸೀರೆ ಬೆಚ್ಚಗೆ, ಎರಡಕ್ಕಿಂತ ಬೀಳ್ಕೊಡುಗೆಯ ಶಾಲು ಬೆಚ್ಚಗೆ ಎಂಬುದು ನನ್ನ ಅನುಭವ. ಶಾಲನ್ನು ನಮ್ಮವರೇ ಹೊದ್ದರು.

ಆ ಭಾನುವಾರ ಮಗಳು ನಿಧಿ ಹಾಸ್ಟೆಲಿನಿಂದ ಬಂದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ. ನನ್ನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಫೋನಿನಲ್ಲಿ ಏನೋ ಹುಡುಕಿ ಓದಿದಳು.

“ಅಮ್ಮಾ, ಅದು ಹೌದು ಅಂತ ಅಲ್ಲ ಯಾರ್. ಎದುರಿಗೆ ಯಾರಾದ್ರೂ ಬಂದು ನಿಂತ್ರೆ ಅದು ಹಾಗೇ ಮಾಡುತ್ತೆ. ಡರ್ ಜಾತಾ ಹೈ ಬೇಚಾರಾ. ನೀವೆಲ್ಲ ರೋಜ್ ರೋಜ್ ಹೋಗಿ ಅದನ್ನ ಹೆದರಿಸಿದ್ದೀರಿ.”

ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ. ಒಂದು ಹಿಡಿಯಷ್ಟಿರುವ ಹಕ್ಕಿ ಭಯದಿಂದ ನಡುಗಿದ್ದನ್ನು ನಾನು ಮೈಸೂರು ಎಂದು ಓದಿಕೊಂಡಿದ್ದೆ. ಹಕ್ಕಿಯದೇನು ತಪ್ಪು? ಆಗ ಪೊಟರೆಯಲ್ಲಿ ಹಳೆಯ ಚಪ್ಪಲಿ ಇಟ್ಟಿದ್ದರೂ ಅದು ಹೌದು ಎಂದಿತು ಎಂದೇ ನಾನು ಹೇಳುತ್ತಿದ್ದೆ.

ಇಷ್ಟಾದರೂ ಶಾರದೆಗೆ ಹೇಳಿರಲಿಲ್ಲ. ಸಾಮಾನು ಕಟ್ಟುತ್ತಿದ್ದೇನೆ, ಆಮೇಲೆ ಮಾಡುತ್ತೇನೆ ಎಂದು ತಪ್ಪಿಸಿಕೊಂಡೇ ಬಂದಿದ್ದೆ. ಸಾಮಾನು ಕಟ್ಟಿದ್ದು ಸುಳ್ಳಲ್ಲ. ಆ ಸಂಜೆ ಅವಳೇ ವೀಡಿಯೋ ಕಾಲ್ ಮಾಡಿದಳು. ಹಿಂದೆ ಹೊಸ ಬಣ್ಣದ ಗೋಡೆ ಕಾಣುತ್ತಿತ್ತು. ತಿಳಿಹಸಿರು. ನನಗೆ ಇಷ್ಟವೆಂದು ಅದನ್ನೇ ಹೊಡೆಸಿದ್ದಳು.

“ಯಾವತ್ತಿನ ಟ್ರೈನು ಅಕ್ಕಾ?” ಎಂದಳು.

ಹೇಳಿದೆ. ಫರೀದಾಬಾದು ಎಂದೆ, ಇನ್ನು ನಿವೃತ್ತಿಯವರೆಗೂ ಇಲ್ಲೇ ಎಂದೆ, ಗೂಬೆಯ ಕಥೆಯನ್ನೂ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಮೇಲೆ ಇಲ್ಲದ ಕಲೆಯೊಂದನ್ನು ಸೆರಗಿನಿಂದ ಒರೆಸಿದಳು.

“ಹೋಗಲಿ ಬಿಡು” ಎಂದಳು. “ಆ ಬ್ಯಾಂಕಿನೋರು ಇನ್ನೂ ಮನೆ ಹುಡುಕ್ತಾನೇ ಇದ್ದಾರೆ. ಸದ್ಯಕ್ಕೆ ಅವರಿಗೇ ಕೊಡ್ತೀನಿ. ಭಾವ ರಿಟೈರ್ ಆಗೋ ಹೊತ್ತಿಗೆ ಖಾಲಿ ಮಾಡಿಸ್ತೀನಿ. ಆಗಲಾದ್ರೂ ಖಂಡಿತ ಬರ್ತೀಯಲ್ಲ? ಆಗ ಮಗಳು ಇಲ್ಲಿದಾಳೆ, ಮನೆ ಇಲ್ಲಿದೆ ಅಂತ ಅಲ್ಲೇ ಉಳಿದುಬಿಡಲ್ಲ ತಾನೆ?”

ಒಂದಿಡೀ ಕಾಲೊನಿಗೆ ಭವಿಷ್ಯ ಹೇಳಿದವಳು ನಾನು. ಮದುವೆ, ಮನೆ, ಚುನಾವಣೆ, ಟ್ಯಾಂಕರ್ ನೀರು, ಯಾವುದಕ್ಕೂ ಉತ್ತರಿಸಲು ತಡವರಿಸಿದವಳಲ್ಲ. ನನ್ನ ತಂಗಿ ಕೇಳಿದ ಈ ಪ್ರಶ್ನೆಗೆ ಮಾತ್ರ ಬಾಯಿ ಬರಲಿಲ್ಲ.

“ಕೇಳಿಸ್ತಿಲ್ಲ ಕಣೇ ಶಾರದೆ, ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ” ಎಂದು ಫೋನಿಟ್ಟೆ.

ಫರೀದಾಬಾದಿನಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಇದೆ.